ಪದಬಂಧ ಅರ್ಧಕ್ಕೆ ನಿಂತಿದೆಯಾ? ತಪ್ಪು ಎಲ್ಲಿದೆ ಅಂತ ಹೀಗೆ ಹುಡುಕಿ

ದಿನಪತ್ರಿಕೆಯ ಪದಬಂಧ ಮುಕ್ಕಾಲು ಪಾಲು ತುಂಬಿದೆ. ಒಂದು ಮೂಲೆ ಮಾತ್ರ ಜಪ್ಪಯ್ಯ ಅಂದರೂ ಬಗ್ಗುತ್ತಿಲ್ಲ. ಆಗ ಸಾಮಾನ್ಯವಾಗಿ ನಾವು ಪಕ್ಕದಲ್ಲಿದ್ದವರನ್ನು 'ಇದಕ್ಕೇನು ಉತ್ತರ?' ಅಂತ ಕೇಳುತ್ತೇವೆ. ಇಲ್ಲಾ, ನಾಳೆ ಹೇಗೂ ಉತ್ತರ ಬರುತ್ತದೆ ಅಂತ ಪೇಪರ್ ಮಡಚಿಡುತ್ತೇವೆ. ಎರಡಕ್ಕೂ ಮೊದಲು ಪದಬಂಧ ಯಾಕೆ ನಿಂತಿತು ಅಂತ ನೋಡಬೇಕು.

ಯಾಕೆಂದರೆ ಪದ ಗೊತ್ತಿಲ್ಲದೆ ನಿಲ್ಲುವುದು ನಾವು ಅಂದುಕೊಂಡಷ್ಟು ಜಾಸ್ತಿ ಅಲ್ಲ. ಎಷ್ಟೋ ಸಲ ಪದ ಗೊತ್ತಿರುತ್ತದೆ. ಆದರೆ ಆಗಲೇ ಬರೆದಿಟ್ಟ ಒಂದು ತಪ್ಪು ಅಕ್ಷರ ಅದನ್ನು ಒಳಗೆ ಬಿಡುವುದಿಲ್ಲ. ನಮ್ಮ ಕಣ್ಣು ಖಾಲಿ ಚೌಕದ ಮೇಲೆ ಇರುತ್ತದೆ, ಆದರೆ ದೋಷ ಇರುವುದು ಆಗಲೇ ತುಂಬಿದ ಚೌಕದಲ್ಲಿ. ಹಾಗಾಗಿ ಯಾರನ್ನಾದರೂ ಸಹಾಯ ಕೇಳಿದರೂ ತಪ್ಪು ಪ್ರಶ್ನೆಯನ್ನೇ ಕೇಳಿರುತ್ತೇವೆ.

ಮೊದಲು ಲಕ್ಷಣ ನೋಡಿ

ಒಂದೇ ಒಂದು ಪದ ಉಳಿದಿದೆ, ಅದರ ಸುತ್ತಲಿನ ಪದಗಳೆಲ್ಲ ಸಲೀಸಾಗಿ ಕೂತಿವೆ ಅಂದರೆ ಅದು ನಿಜವಾಗಿ ಗೊತ್ತಿಲ್ಲದ ಪದ. ಇಲ್ಲವೇ ಸುಳಿವನ್ನು ಬೇರೆ ಅರ್ಥದಲ್ಲಿ ಓದುತ್ತಿದ್ದೀರಿ. ಇದು ಸುಲಭದ ಕೇಸು.

ಎರಡು ಮೂರು ಪದ ಒಟ್ಟಿಗೆ ನಿಂತಿವೆ, ಅವೆಲ್ಲ ಈಗಾಗಲೇ ತುಂಬಿದ ಒಂದೇ ಪದವನ್ನು ದಾಟಿ ಹೋಗುತ್ತವೆ ಅಂದರೆ ಆ ತುಂಬಿದ ಪದದ ಮೇಲೇ ಅನುಮಾನ ಪಡಿ. ಅದು ಎಷ್ಟೇ ಸರಿಯಾಗಿ ಕಂಡರೂ ಪರವಾಗಿಲ್ಲ. ಪೆನ್ಸಿಲ್‌ನಲ್ಲಿ ಬರೆದಿದ್ದರೆ ಅಳಿಸಿ. ಪೆನ್ನಿನಲ್ಲಿ ಬರೆದಿದ್ದರೆ ಆ ಮೂಲೆಯ ಚೌಕಗಳನ್ನು ಅಂಚಿನಲ್ಲಿ ಮತ್ತೊಮ್ಮೆ ಖಾಲಿಯಾಗಿ ಗೀರಿಕೊಳ್ಳಿ. ತಪ್ಪು ಅಕ್ಷರ ಕಣ್ಣೆದುರಿಗೆ ಇರುವವರೆಗೂ ಮನಸ್ಸು ಅದನ್ನು ಬಿಡುವುದಿಲ್ಲ.

ಪದ ಗೊತ್ತು, ಆದರೆ ಒಂದು ಚೌಕ ಹೆಚ್ಚು ಅಥವಾ ಕಡಿಮೆ ಬರುತ್ತಿದೆ ಅಂದರೆ ಅಕ್ಷರದ ಲೆಕ್ಕ ಅಥವಾ ಪದದ ರೂಪ ತಪ್ಪಿದೆ.

ಒಂದು ಮೂಲೆಯನ್ನು ಹತ್ತಿರದಿಂದ ನೋಡೋಣ

ಎಡದಿಂದ ಬಲಕ್ಕೆ, ಸುಳಿವು: ಹೂವು (3). ನೀವು 'ಪ್ರಸೂನ' ಅಂತ ಬರೆದಿದ್ದೀರಿ. ಪ್ರ, ಸೂ, ನ. ಮೂರು ಚೌಕ, ಅರ್ಥ ಸರಿ. ಅದರ ನಡುವಿನ ಚೌಕದಿಂದ ಒಂದು ಪದ ಕೆಳಗಿಳಿಯುತ್ತದೆ. ಮೇಲಿನಿಂದ ಕೆಳಕ್ಕೆ, ಸುಳಿವು: ಒಳ್ಳೆಯ ಪರಿಮಳ (3). ಕೈಯಲ್ಲಿರುವುದು 'ಸೂ' ಮತ್ತು ಎರಡು ಖಾಲಿ ಚೌಕ.

ಇಲ್ಲಿ ಸಿಕ್ಕಿಕೊಂಡವರು ಕೇಳುವ ಪ್ರಶ್ನೆ: 'ಸೂ ಅಂತ ಶುರುವಾಗುವ, ಪರಿಮಳ ಅನ್ನೋ ಅರ್ಥದ ಮೂರಕ್ಷರದ ಪದ ಯಾವುದು?' ನಿಘಂಟು ತಿರುವಿ ಹಾಕಿದರೂ, ಮೇಷ್ಟ್ರನ್ನು ಕೇಳಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಪ್ರಶ್ನೆಯೇ ಸರಿಯಿಲ್ಲವಲ್ಲ!

ಈಗ ಮೇಲಿನ ಪದವನ್ನು ಪೂರ್ತಿ ಮರೆತು ಕೆಳಗಿಳಿಯುವ ಸುಳಿವನ್ನು ಮಾತ್ರ ಓದಿ. ಒಳ್ಳೆಯ ಪರಿಮಳ, ಮೂರಕ್ಷರ. 'ಸುಗಂಧ' ತಟ್ಟನೆ ಬರುತ್ತದೆ. ಸು, ಗಂ, ಧ. ಅಂದರೆ ಮೇಲಿನ ಪದದ ನಡುವಿನ ಅಕ್ಷರ ಸೂ ಅಲ್ಲ, ಸು. ಹೂವು, ಮೂರಕ್ಷರ, ನಡುವೆ ಸು: 'ಕುಸುಮ'. ಇಷ್ಟಕ್ಕೇ ನಿಲ್ಲಿಸಬೇಡಿ. ಸುಗಂಧದ ಕೊನೆಯ 'ಧ' ಚೌಕದಿಂದ ಬಲಕ್ಕೆ ಇನ್ನೊಂದು ಪದ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಸುಳಿವು: ಭೂಮಿ (3). ಧ ಇಂದ ಶುರುವಾಗುವ ಭೂಮಿ ಇದೆಯಾ? ಇದೆ, 'ಧರಣಿ'. ಹಾಗಾದರೆ ಸುಗಂಧ ಗಟ್ಟಿಯಾಯಿತು. ಆದರೆ ಧರಣಿ ಇನ್ನೂ ಗಟ್ಟಿಯಾಗಿಲ್ಲ. 'ಧರಿತ್ರಿ' ಕೂಡ ಭೂಮಿಯೇ, ಅದಕ್ಕೂ ಮೂರೇ ಚೌಕ. ರ ಬರುತ್ತದೋ ರಿ ಬರುತ್ತದೋ ಅಂತ ಮುಂದಿನ ಅಡ್ಡಪದ, ಅಂದರೆ ಇದನ್ನು ದಾಟಿ ಹೋಗುವ ಪದ, ಹೇಳುವವರೆಗೆ ಧ ಒಂದನ್ನೇ ಬರೆದಿಡಿ.

ಈ ಕ್ರಮವನ್ನೇ ಎಲ್ಲ ಕಡೆ ಬಳಸಬಹುದು. ಅನುಮಾನದ ಪದವನ್ನು ಪಕ್ಕಕ್ಕಿಡಿ, ಅದನ್ನು ದಾಟುವ ಪದವನ್ನು ಅದರ ಸ್ವಂತ ಸುಳಿವಿನಿಂದ ಮಾತ್ರ ಬಿಡಿಸಿ, ಆಮೇಲೆ ಅದು ಕೊಡುವ ಅಕ್ಷರದಿಂದ ಹಿಂದಕ್ಕೆ ಬನ್ನಿ.

ಅಕ್ಷರದ ಲೆಕ್ಕ

ಕನ್ನಡ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಪೂರ್ತಿ ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಅದರೊಳಗೇ. 'ರಾಷ್ಟ್ರಕೂಟ' ನಾಲ್ಕು ಚೌಕ: ರಾ, ಷ್ಟ್ರ, ಕೂ, ಟ. 'ಸಂಗೀತ' ಮೂರು, 'ದುಃಖ' ಎರಡು. ಅರ್ಕಾವತ್ತಿನಲ್ಲಿ ಹೊಸಬರು ಜಾಸ್ತಿ ಎಡವುತ್ತಾರೆ. 'ಸೂರ್ಯ' ಅನ್ನುವಾಗ ಬಾಯಲ್ಲಿ 'ಸೂರ್' ಒಟ್ಟಿಗೆ ಬರುತ್ತದೆ. ಚೌಕದಲ್ಲಿ ಮಾತ್ರ ಸೂ ಒಂದು, ರ್ಯ ಇನ್ನೊಂದು.

ಬೇರೆ ಭಾಷೆಯಿಂದ ಬಂದ ಪದಗಳಲ್ಲಿ ಕೊನೆಯ ಅರ್ಧಾಕ್ಷರ ತೊಂದರೆ ಕೊಡುತ್ತದೆ. 'ಬಸ್' ಅಂತ ಬರೆದರೆ ಬ, ಸ್. 'ಬಸ್ಸು' ಅಂತ ಬರೆದರೆ ಬ, ಸ್ಸು. ಚೌಕ ಎರಡಕ್ಕೂ ಎರಡೇ, ಆದರೆ ಕೊನೆಯ ಚೌಕದ ಅಕ್ಷರ ಬೇರೆ. ಪೆನ್ ಮತ್ತು ಪೆನ್ನು ಕೂಡ ಹಾಗೇ. ನಿಮ್ಮ ಪತ್ರಿಕೆ ಯಾವ ಪದ್ಧತಿ ಅನುಸರಿಸುತ್ತದೆ ಅಂತ ತಿಳಿಯಲು ಹಳೆಯ ಉತ್ತರಗಳನ್ನು ಒಂದು ವಾರದಷ್ಟು ತಿರುಗಿಸಿ ನೋಡಿದರೆ ಸಾಕು.

ರೂಪದ ತಪ್ಪು ಇದಕ್ಕೆ ಅಂಟಿಕೊಂಡೇ ಇರುತ್ತದೆ. ಸುಳಿವು ಬಹುವಚನದಲ್ಲಿದ್ದರೆ ಉತ್ತರವೂ ಬಹುವಚನ. ಸುಳಿವಿನಲ್ಲಿ 'ಓಡುವುದು' ಅಂತಿದ್ದರೆ ಉತ್ತರ 'ಓಡು' ಆಗುವುದಿಲ್ಲ, 'ಓಟ' ಆಗಬಹುದು. ಸುಳಿವನ್ನು ತೆಗೆದು ಆ ಜಾಗದಲ್ಲಿ ನಿಮ್ಮ ಉತ್ತರ ಇಟ್ಟು ವಾಕ್ಯ ಓದಿ ನೋಡಿ. ಕಿವಿಗೆ ಒಗ್ಗದಿದ್ದರೆ ರೂಪ ತಪ್ಪಿದೆ.

ಕಾಗುಣಿತ

ಅಡ್ಡಪದ ಕೊಡುವ ಒಂದು ಕನ್ನಡ ಅಕ್ಷರದಲ್ಲಿ ವ್ಯಂಜನವೂ ಇರುತ್ತದೆ, ಸ್ವರವೂ ಇರುತ್ತದೆ, ಒತ್ತು ಕೂಡ ಇರಬಹುದು. ಒಂದೇ ಚೌಕ ಇಷ್ಟೆಲ್ಲ ಹೇಳಿಬಿಡುತ್ತದೆ. ಅದೇ ಕಾರಣಕ್ಕೆ ಒಂದು ದೀರ್ಘ ತಪ್ಪಿದರೂ ಎರಡು ಪದ ಕೆಡುತ್ತವೆ. 'ಆಶೀರ್ವಾದ'ದಲ್ಲಿ ಶೀ ಬರಬೇಕು, 'ಪರೀಕ್ಷೆ'ಯಲ್ಲಿ ರೀ. ಮಾತಾಡುವಾಗ ಎರಡನ್ನೂ ಹ್ರಸ್ವದಲ್ಲೇ ತೇಲಿಸಿಬಿಡುತ್ತೇವೆ. 'ಮಧ್ಯಾಹ್ನ'ದಲ್ಲಿ ಮೊದಲು ಧ್ಯಾ, ಆಮೇಲೆ ಹ್ನ. ದ್ಯಾ ಅಂತ ಬರೆದರೆ ಕೆಳಗಿಳಿಯುವ ಪದ ಹುಟ್ಟುವುದೇ ಇಲ್ಲ. 'ವಿಶೇಷ'ದ ಶ ಮತ್ತು ಷ ಅದಲು ಬದಲಾಗುವುದನ್ನು ನಾವೆಲ್ಲ ಅಂಗಡಿ ಬೋರ್ಡುಗಳಲ್ಲೂ ನೋಡುತ್ತೇವೆ.

ಪರೀಕ್ಷಿಸುವ ಬಗೆ ಇದು: ದೋಷ ಇರಬಹುದಾದ ಚೌಕದ ಅಕ್ಷರಕ್ಕೆ ಅದರ ಜೋಡಿಯನ್ನು ಇಟ್ಟು ನೋಡಿ. ಹ್ರಸ್ವ ಇದ್ದರೆ ದೀರ್ಘ, ದ ಇದ್ದರೆ ಧ, ಲ ಇದ್ದರೆ ಳ, ನ ಇದ್ದರೆ ಣ, ಶ ಇದ್ದರೆ ಷ ಮತ್ತು ಸ. ಎರಡನೆಯ ಪದ ತೆರೆದುಕೊಂಡರೆ ನಿಮ್ಮ ಕಾಗುಣಿತ ತಪ್ಪಿತ್ತು ಅಂತ ಅರ್ಥ. ನಿಘಂಟಿನಲ್ಲಿ ಒಮ್ಮೆ ಖಚಿತ ಮಾಡಿಕೊಂಡು ತಿದ್ದಿ. ಕೆಲವು ಪದಗಳಿಗೆ ಎರಡು ರೂಪವೂ ಬಳಕೆಯಲ್ಲಿವೆ: ಹೊತ್ತಗೆ, ಹೊತ್ತಿಗೆ, ಫಲ್ಗುಣ, ಫಾಲ್ಗುಣ. ಇಂಥ ಕಡೆ ಸರಿ ತಪ್ಪಿನ ಚರ್ಚೆಗೆ ಇಳಿಯದೆ ಅಡ್ಡಪದ ಹೇಳಿದ್ದನ್ನು ಒಪ್ಪಿಕೊಳ್ಳಬೇಕು.

ಒಂದು ಸುಳಿವಿಗೆ ಹತ್ತು ಉತ್ತರ

ಪದಬಂಧ ನಿಲ್ಲುವುದಕ್ಕೆ ದೊಡ್ಡ ಕಾರಣ ಇದೇ, ಪದಬಂಧದ ಸೊಗಸು ಇರುವುದೂ ಇಲ್ಲೇ. ಸುಳಿವು 'ಅರ್ಜುನ' ಅಂತ ಕೊಟ್ಟರೆ ಎರಡು ಚೌಕಕ್ಕೆ ಪಾರ್ಥ, ಜಿಷ್ಣು. ಮೂರಕ್ಕೆ ಕಿರೀಟಿ, ವಿಜಯ, ಫಲ್ಗುಣ, ಕೌಂತೇಯ, ಬೀಭತ್ಸು, ಗಾಂಡೀವಿ. ನಾಲ್ಕಕ್ಕೆ ಧನಂಜಯ, ಸವ್ಯಸಾಚಿ. ಮೂರು ಚೌಕ ನೋಡಿದ ಕೂಡಲೇ ಕಿರೀಟಿ ಅಂತ ಪೆನ್ನಿನಲ್ಲಿ ಬರೆಯುವವರ ಪದಬಂಧ ಅಲ್ಲೇ ನಿಲ್ಲುತ್ತದೆ. ಹತ್ತು ಉತ್ತರ ಇರುವ ಸುಳಿವಿಗೆ ಅಡ್ಡಪದದ ಒಂದು ಅಕ್ಷರವಾದರೂ ಸಿಗುವ ತನಕ ಕೈ ಹಾಕಬಾರದು.

ಇಂಥ ಪದಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡುವುದಕ್ಕಿಂತ ಅವು ಹುಟ್ಟುವ ರೀತಿ ತಿಳಿದಿದ್ದರೆ ತುಂಬಾ ಉಪಯೋಗ. ನೀರು ಅನ್ನುವ ಅರ್ಥದ ಸಂಸ್ಕೃತ ಪದಗಳನ್ನೇ ತೆಗೆದುಕೊಳ್ಳಿ: ಜಲ, ವಾರಿ, ಅಂಬು, ನೀರ. ಇವುಗಳ ಕೊನೆಗೆ 'ಜ' ಹಚ್ಚಿದರೆ ನೀರಿನಲ್ಲಿ ಹುಟ್ಟಿದ್ದು, ಅಂದರೆ ತಾವರೆ: ಜಲಜ, ವಾರಿಜ, ಅಂಬುಜ, ನೀರಜ. 'ದ' ಹಚ್ಚಿದರೆ ನೀರು ಕೊಡುವಂಥದ್ದು, ಅಂದರೆ ಮೋಡ: ಜಲದ, ವಾರಿದ, ಅಂಬುದ, ನೀರದ. 'ಧಿ' ಹಚ್ಚಿದರೆ ನೀರನ್ನು ಹಿಡಿದಿಟ್ಟುಕೊಂಡಿರುವುದು, ಅಂದರೆ ಕಡಲು: ಜಲಧಿ, ವಾರಿಧಿ, ಅಂಬುಧಿ. ಎಲ್ಲಕ್ಕೂ ಮೂರೇ ಚೌಕ. ಸುಳಿವು 'ಮೋಡ (3)' ಅಂತಿದ್ದರೆ ಕೊನೆಯ ಚೌಕಕ್ಕೆ ದ ಅಂತ ಪೆನ್ಸಿಲ್‌ನಲ್ಲಿ ಬರೆದು, ಆ ದ ಮೇಲಿಂದ ಕೆಳಗಿಳಿಯುವ ಪದಕ್ಕೆ ಹೊಂದುತ್ತದಾ ನೋಡಬಹುದು. ಪೂರ್ತಿ ಪದ ಗೊತ್ತಾಗುವ ಮೊದಲೇ ಒಂದು ಅಕ್ಷರ ಕೈಗೆ ಬಂತು. 'ತಾವರೆ (3)' ಅಂತಿದ್ದರೆ ಕೊನೆಗೆ ಜ. ಪಂಕಜ, ಸರೋಜ, ವನಜ ಎಲ್ಲ ಹಾಗೇ ಮುಗಿಯುತ್ತವೆ. ಹೊಂದದಿದ್ದರೆ ಕಮಲವೋ ನಳಿನವೋ ಇರಬೇಕು ಅಂತ ದಾರಿ ಬದಲಿಸಬಹುದು.

ಇನ್ನೊಂದು ಗುಂಪು ತತ್ಸಮ ತದ್ಭವಗಳದ್ದು. ಸುಳಿವಿನಲ್ಲಿ ತದ್ಭವ ಬೇಕು ಅಂತ ಹೇಳಿದರೆ ಸುಲಭ. ಎಷ್ಟೋ ಸಲ ಹೇಳುವುದಿಲ್ಲ. ಕಾವ್ಯಕ್ಕೆ ಕಬ್ಬ, ಕಾರ್ಯಕ್ಕೆ ಕಜ್ಜ, ವಿದ್ಯೆಗೆ ಬಿಜ್ಜೆ, ರತ್ನಕ್ಕೆ ರನ್ನ, ದೃಷ್ಟಿಗೆ ದಿಟ್ಟಿ. ಅಡ್ಡಪದದಿಂದ ಬಂದ ಅಕ್ಷರ ಜ್ಜ, ಬ್ಬ, ನ್ನ, ಟ್ಟಿ ಹೀಗೆ ಸಜಾತಿ ಒತ್ತು ಆಗಿದ್ದರೆ ತದ್ಭವದ ಕಡೆ ಒಮ್ಮೆ ಯೋಚಿಸಿ.

ಸೀಮೆಯ ಪದಗಳೂ ಹೀಗೆಯೇ ಕೈ ಕೊಡುತ್ತವೆ. ಒಂದು ಹಣ್ಣು, ಮೂರಕ್ಷರ, ಶುರುವಿಗೆ ಪ. ಕೆಲವರಿಗೆ ಅದು ಪಪ್ಪಾಯಿ. ಹಳೆ ಮೈಸೂರು ಕಡೆಯವರಿಗೆ ಪರಂಗಿ. ಎರಡಕ್ಕೂ ಮೂರು ಚೌಕ, ಎರಡೂ ಪ ಇಂದಲೇ ಶುರು. ಪ ಹೊಂದಿತು ಅಂತ ಪೂರ್ತಿ ಪದ ಬರೆದುಬಿಡಬೇಡಿ. ಪದಬಂಧ ರಚಿಸಿದವರ ಊರಿನ ಮಾತು ನಿಮ್ಮ ಊರಿನ ಮಾತು ಆಗಿರಲೇಬೇಕು ಅಂತೇನಿಲ್ಲ.

ಸುಳಿವನ್ನೇ ತಪ್ಪಾಗಿ ಓದಿದ್ದರೆ

ಒಂಟಿ ಪದ ಉಳಿದಾಗ ಬಹುತೇಕ ಆಗುವುದು ಇದು. 'ಕರ' ಅಂದರೆ ಕೈ, ತೆರಿಗೆ, ಕಿರಣ. 'ಹರಿ' ಅಂದರೆ ವಿಷ್ಣು, ಸಿಂಹ, ಕೋತಿ, ಜೊತೆಗೆ ನೀರು ಹರಿಯುವುದು, ಬಟ್ಟೆ ಹರಿಯುವುದು. ಸುಳಿವಿನಲ್ಲಿ 'ತಿಂಗಳು' ಅಂತಿದ್ದರೆ ಮಾಸ ಅಂತ ಅಂದುಕೊಳ್ಳುತ್ತೇವೆ, ಅವರು ಚಂದ್ರನನ್ನು ಕೇಳಿರುತ್ತಾರೆ. ಸುಳಿವಿನ ಪ್ರತಿ ಪದಕ್ಕೂ ಇನ್ನೊಂದು ಅರ್ಥ ಇದೆಯಾ ಅಂತ ಜೋರಾಗಿ ಹೇಳಿಕೊಂಡು ನೋಡಿ. ನಾಮಪದವನ್ನು ಕ್ರಿಯಾಪದವಾಗಿ ಓದಿ. 'ಕಾಡು' ಅಂದರೆ ಅರಣ್ಯ ಮಾತ್ರ ಅಲ್ಲ, ಪೀಡಿಸುವುದೂ ಹೌದು.

ಚಮತ್ಕಾರದ ಸುಳಿವುಗಳಲ್ಲಿ ಒಂದು ಗುರುತಿನ ಪದ ಇರುತ್ತದೆ. ಅದನ್ನು ಹಿಡಿದರೆ ಅರ್ಧ ಕೆಲಸ ಆದಂತೆ. ತಿರುಗು, ಹಿಂದುಮುಂದು, ಉಲ್ಟಾ ಅಂತ ಬಂದರೆ ಅಕ್ಷರಗಳನ್ನು ಹಿಂದಿನಿಂದ ಓದಬೇಕು. 'ಸದಾ ತಿರುಗಾಡುವ ಹರಿಭಕ್ತ (2)' ಅಂತ ಇದೆ ಅನ್ನಿ. ಊರೂರು ತಿರುಗುವ ಭಕ್ತ ಯಾರು ಅಂತ ಯೋಚಿಸುತ್ತಾ ಕೂತರೆ ಹೊತ್ತು ಹೋಗುತ್ತದೆ. ತಿರುಗಬೇಕಾದದ್ದು 'ಸದಾ' ಅನ್ನುವ ಪದ. ಸ, ದಾ ತಿರುಗಿದರೆ ದಾ, ಸ. 'ದಾಸ'. ತಲೆ ಹೋದ, ಬಾಲ ಕತ್ತರಿಸಿದ ಅಂತಿದ್ದರೆ ಮೊದಲ ಅಥವಾ ಕೊನೆಯ ಅಕ್ಷರ ಬಿಡಬೇಕು. 'ತಲೆ ಹೋದ ಯುದ್ಧದಲ್ಲಿ ವೃಕ್ಷ (2)' ಅಂದರೆ ಸಮರದಲ್ಲಿ ಸ ತೆಗೆದು 'ಮರ'. ಅಡಗಿದ, ಒಳಗಿರುವ ಅಂತಿದ್ದರೆ ಉತ್ತರ ಸುಳಿವಿನಲ್ಲೇ ಕಣ್ಣೆದುರು ಇರುತ್ತದೆ: 'ಸುಕುಮಾರನಲ್ಲಿ ಅಡಗಿರುವ ಮನ್ಮಥ (2)', ಉತ್ತರ 'ಮಾರ'. ಅಕ್ಷರವನ್ನು ಅಕ್ಷರವಾಗಿಯೇ ತಿರುಗಿಸಬೇಕು ಅನ್ನುವುದು ನೆನಪಿರಲಿ. ದಾ ಹೋಗಿ ದ ಆಗುವುದಿಲ್ಲ, ದೀರ್ಘ ಅದರ ಜೊತೆಗೇ ಹೋಗುತ್ತದೆ.

ಸಹಾಯ ಕೇಳುವಾಗ

ಇಷ್ಟಾದರೂ ಬಿಡದಿದ್ದರೆ ಕೇಳುವುದರಲ್ಲಿ ಏನೂ ತಪ್ಪಿಲ್ಲ. ಪದಬಂಧ ಮನೆಮಂದಿಯೆಲ್ಲ ಸೇರಿ ಬಿಡಿಸಿದರೆ ಇನ್ನೂ ಚೆಂದ. ಪುರಾಣದ ಹೆಸರು, ಹಳೆಯ ಅಡುಗೆಮನೆಯ ಒನಕೆ ಒರಳು ಮೊರ ಇಂಥದ್ದಕ್ಕೆ ಅಜ್ಜಿಯನ್ನೋ ಅತ್ತೆಯನ್ನೋ ಕೇಳಿ. ಕ್ರಿಕೆಟ್ಟು, ಹೊಸ ಸಿನಿಮಾಕ್ಕೆ ಮಕ್ಕಳನ್ನು ಕೇಳಿ. ಆದರೆ ಕೇಳುವ ರೀತಿ ಬದಲಾಗಬೇಕು. ಸುಳಿವನ್ನು ಇದ್ದದ್ದು ಇದ್ದ ಹಾಗೆ ಓದಿ ಹೇಳಿ, ನಿಮ್ಮ ಮಾತಿನಲ್ಲಿ ಸುತ್ತಿ ಹೇಳಬೇಡಿ. ಎಷ್ಟು ಚೌಕ ಅಂತ ಹೇಳಿ. ಆಮೇಲೆ, ಸಿಕ್ಕಿರುವ ಅಕ್ಷರಗಳಲ್ಲಿ ಯಾವುದು ಖಚಿತ, ಯಾವುದು ಅನುಮಾನ ಅಂತ ಬಿಡಿಸಿ ಹೇಳಿ. 'ಪರಿಮಳ, ಮೂರಕ್ಷರ, ಶುರುವಿಗೆ ಸೂ ಇದೆ, ಆದರೆ ಅದು ಸರಿಯೋ ಗೊತ್ತಿಲ್ಲ' ಅಂತ ಕೇಳಿದ್ದರೆ ಯಾರಾದರೂ ಕೂಡಲೇ ಸುಗಂಧ ಅಂದಿರುತ್ತಿದ್ದರು.

ಪೂರ್ತಿ ಉತ್ತರ ಬೇಡ ಅನಿಸಿದರೆ ಒಂದು ಅಕ್ಷರ ಮಾತ್ರ ಕೇಳಿ. ಅದರಲ್ಲೂ ಹೆಚ್ಚು ಪದಗಳು ನಿಂತಿರುವ ಕಡೆಯ ಅಡ್ಡಚೌಕದ ಅಕ್ಷರ. ಅದು ಎರಡು ಪದಕ್ಕೂ ಬೆಳಕು ಕೊಡುತ್ತದೆ, ಬಿಡಿಸುವ ಖುಷಿಯೂ ನಿಮಗೇ ಉಳಿಯುತ್ತದೆ.

ನಿಘಂಟಿನ ಸಹಾಯಕ್ಕೆ ಒಂದು ಮಿತಿ ಇದೆ. ಅದು ಅಕಾರಾದಿಯಲ್ಲಿ ಇರುವುದರಿಂದ ಮೊದಲ ಎರಡು ಅಕ್ಷರ ಗೊತ್ತಿದ್ದರೆ ಸ್ವಲ್ಪವೇ ಪುಟ ನೋಡಿದರೆ ಸಾಕು. ಕೊನೆಯ ಅಕ್ಷರ ಮಾತ್ರ ಗೊತ್ತಿದ್ದರೆ ಅದರಿಂದ ಪ್ರಯೋಜನ ಕಡಿಮೆ, ಆಗ ಮನುಷ್ಯರೇ ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ, ಗ್ರಂಥಾಲಯದಲ್ಲಿ ಕೂತು ನೋಡುವಂಥದ್ದು. ಹಳಗನ್ನಡದ ಪದ ಬಂದಾಗ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇವತ್ತಿಗೂ ನೆರವಾಗುತ್ತದೆ. ಫೋನಿನಲ್ಲೇ ನೋಡಬೇಕೆಂದರೆ ವಿ. ಕೃಷ್ಣ ಅವರು ಕಟ್ಟಿದ 'ಅಲರ್' ಅನ್ನುವ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟು ಇದೆ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿವೆ, ಉಚ್ಚಾರಣೆ ಹತ್ತಿರ ಇದ್ದರೂ ಹುಡುಕಿ ಕೊಡುತ್ತದೆ. ಶ, ಷ ಅನುಮಾನ ಬಂದಾಗ ಇದು ಒಳ್ಳೆಯ ಆಸರೆ.

ಇಂಗ್ಲಿಷ್ ಕ್ರಾಸ್‌ವರ್ಡ್‌ಗೆ ಇರುವಂತೆ 'ಇಷ್ಟು ಅಕ್ಷರದ ಪದ ಕೊಡು' ಅಂತ ಕೇಳುವ ಸಾಮಾನ್ಯ ತಂತ್ರಾಂಶಗಳಲ್ಲಿ ಕನ್ನಡ ಹಾಕಿದರೆ ಲೆಕ್ಕ ತಪ್ಪುತ್ತದೆ. 'ಸ್ತ್ರೀ' ನಮಗೆ ಒಂದು ಚೌಕ. ಯುನಿಕೋಡ್‌ನಲ್ಲಿ ಅದು ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅದೇ ಚಿಹ್ನೆ, ರ, ಕೊನೆಗೆ ಈ ಗುಣಿತ, ಒಟ್ಟು ಆರು ಸಂಕೇತ. ಯಂತ್ರ ಆರು ಅಂತ ಎಣಿಸಿದರೆ ನಿಮಗೆ ಬೇಕಾದ ಪದ ಸಿಗುವುದೇ ಇಲ್ಲ. ಯಂತ್ರ ಕೊಟ್ಟ ಯಾವ ಉತ್ತರವನ್ನೇ ಆಗಲಿ, ಚೌಕದ ಮೇಲೆ ಬೆರಳಿಟ್ಟು ಎಣಿಸದೆ ಬರೆಯಬೇಡಿ.

ಪತ್ರಿಕೆಯದ್ದೇ ತಪ್ಪಾದರೆ

ಇದು ಅಪರೂಪ, ಕೊನೆಗೆ ನೋಡಬೇಕಾದದ್ದು. ಆದರೆ ಇಲ್ಲವೇ ಇಲ್ಲ ಅಂತಲ್ಲ. ಸುಳಿವಿನಲ್ಲಿ ಇರುವ ಸಂಖ್ಯೆ ಚೌಕದಲ್ಲಿ ಇದೆಯಾ, ಸುಳಿವು ನಾಲ್ಕು ಅಂದರೆ ಬಿಳಿ ಚೌಕ ನಾಲ್ಕೇ ಇವೆಯಾ ಅಂತ ಎಣಿಸಿ. ಒಂದು ಕಡೆ ತಾಳೆಯಾಗದಿದ್ದರೆ ಕಪ್ಪು ಚೌಕವೊಂದು ಜಾಗ ತಪ್ಪಿರಬಹುದು. ಎಲ್ಲ ಕಡೆ ತಾಳೆಯಾಗದಿದ್ದರೆ ಬೇರೆ ದಿನದ ಸುಳಿವುಗಳು ಈ ದಿನದ ಚೌಕಕ್ಕೆ ಬಂದಿವೆ ಅಂತ ಅರ್ಥ, ಆವತ್ತು ಬಿಡಿಸುವ ಶ್ರಮ ಬೇಡ. ಪರದೇಶದಲ್ಲೋ ಹೊರರಾಜ್ಯದಲ್ಲೋ ಇದ್ದು ಇ-ಪೇಪರ್‌ನಲ್ಲಿ ಬಿಡಿಸುವವರು ಪುಟವನ್ನು ಚೆನ್ನಾಗಿ ಹಿಗ್ಗಿಸಿ ಓದಿ. ಸಣ್ಣ ಅಚ್ಚಿನಲ್ಲಿ ಪ, ಷ, ಫ ಒಂದೇ ಥರ ಕಾಣುತ್ತವೆ, ಒತ್ತು ಅಳಿಸಿಹೋಗಿರುತ್ತದೆ.

ಮರುದಿನ ಉತ್ತರ ಬಂದಾಗ ಬಿಟ್ಟುಹೋದ ಪದಗಳನ್ನಷ್ಟೇ ನೋಡಿ ಸುಮ್ನಾಗಬೇಡಿ. ತುಂಬಿದ ಪದಗಳನ್ನೂ ಒಂದೊಂದಾಗಿ ಹೋಲಿಸಿ. ಎಲ್ಲಿ ತಪ್ಪು ಅಕ್ಷರ ಬರೆದಿದ್ದಿರಿ ಅಂತ ಆಗಲೇ ತಿಳಿಯುವುದು. ಹೊಸ ಪದ ಸಿಕ್ಕರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾರೀಖಿನ ಪ್ರಕಾರ ಬೇಡ, ಸುಳಿವಿನ ಪ್ರಕಾರ: ಹೂವು ಅಂತ ಒಂದು ಪುಟ, ಭೂಮಿ ಅಂತ ಒಂದು ಪುಟ, ಪ್ರತಿ ಪದದ ಮುಂದೆ ಎಷ್ಟು ಚೌಕ ಅಂತ ಒಂದು ಅಂಕಿ.